ಸಾಯ್ಬಿಣ್ ನಿಲ್ಲದೆ ಹೋದ ಮನೆ

ಹೇಳಿದ ಮಾತು ಕೇಳುವವಳು ಎಂಬ ಹೆಸರು ನನಗೆ ಚಿಕ್ಕಂದಿನಿಂದ ಇದೆ. ಆ ಹೆಸರನ್ನು ನಾನು ಬಹಳ ಜೋಪಾನ ಮಾಡಿಕೊಂಡು ಬಂದೆ. ಶಾಲೆಯಲ್ಲಿ ಹೆಡ್‌ಮಿಸ್ ಹೇಳಿದ್ದಕ್ಕೆ, ಮನೆಯಲ್ಲಿ ಅತ್ತೆ ಹೇಳಿದ್ದಕ್ಕೆ, ಇಗರ್ಜಿಯಲ್ಲಿ ಫಾದರ್ ಹೇಳಿದ್ದಕ್ಕೆ ನಾನು ಎದುರು ಮಾತಾಡಿದವಳಲ್ಲ. ಹಾಗೆಂದು ನಾನು ಸಾಧು ಎಂದು ಯಾರೂ ತಿಳಿಯಬಾರದು. ನನ್ನ ಕೈಯಲ್ಲಿ ಕಲಿತವರನ್ನು ಕೇಳಿ ನೋಡಿ, ನಲವತ್ತು ದಾಟಿದ ಗಂಡಸರೂ ನಾನು ಎದುರು ಬಂದರೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೆ. ಮೇಲಿನವರ ಮಾತು ಕೇಳುವವರಿಗೆ ಕೆಳಗಿನವರ ಮೇಲೆ ಜೋರು ಮಾಡುವ ಹಕ್ಕು ತಾನಾಗಿ ಬರುತ್ತದೆ ಎಂದು ನಾನು ನಂಬಿದ್ದೆ.

ನಿವೃತ್ತಳಾದ ಮೇಲೆ ನನ್ನನ್ನು ನಮ್ಮ ವಾಡೆಯ ಗುರ್ಕಾರ್ನ್ ಮಾಡಿದರು. ಮಂಗಳೂರಿನಲ್ಲಿ ಒಂದೊಂದು ಇಗರ್ಜಿಗೆ ಸೇರಿದ ಮನೆಗಳನ್ನು ವಾಡೆಗಳಾಗಿ ಹಂಚಿರುತ್ತಾರೆ. ವಾಡೆಗೊಬ್ಬ ಗುರ್ಕಾರ, ಹೆಂಗಸಾದರೆ ಗುರ್ಕಾರ್ನ್. ಫಾದರ್ ಹೇಳಿದ್ದನ್ನು ಮನೆಗಳಿಗೆ ಮುಟ್ಟಿಸಬೇಕು, ಮನೆಗಳ ಕಷ್ಟಸುಖವನ್ನು ಫಾದರ್‌ಗೆ ಮುಟ್ಟಿಸಬೇಕು. ಮೊದಲನೆಯ ಕೆಲಸವನ್ನು ನಾನು ಚೆನ್ನಾಗಿ ಮಾಡಿದೆ.

ವರ್ಷದಲ್ಲಿ ನಮಗೆ ಅತಿ ದೊಡ್ಡ ಜವಾಬ್ದಾರಿ ಬರುವುದು ಅಕ್ಟೋಬರ್ ತಿಂಗಳಲ್ಲಿ. ಅದು ಜಪಸರದ ತಿಂಗಳು. ಮಾತೆ ಮರಿಯಮ್ಮನ ಒಂದು ಪ್ರತಿಮೆ ವಾಡೆಯ ಮನೆಯಿಂದ ಮನೆಗೆ ಹೋಗುತ್ತದೆ. ನಾವು ಅವಳನ್ನು ಸಾಯ್ಬಿಣ್ ಎನ್ನುತ್ತೇವೆ, ಅಂದರೆ ಒಡತಿ. ಸಂಜೆ ಏಳಕ್ಕೆ ಎಲ್ಲರೂ ಸೇರಿ, ಮೇಣದ ಬತ್ತಿ ಹಿಡಿದು, ಹಾಡುತ್ತ ಹಿಂದಿನ ಮನೆಯಿಂದ ಅವಳನ್ನು ಮುಂದಿನ ಮನೆಗೆ ಕರೆದುಕೊಂಡು ಬರುತ್ತೇವೆ. ಅಲ್ಲಿ ಜಪಸರ ಹೇಳುತ್ತೇವೆ, ಕೊನೆಗೆ ಚಿಕ್ಕವರು ಹಿರಿಯರ ಆಶೀರ್ವಾದ ಕೇಳುತ್ತಾರೆ, ಮನೆಯವರು ಬೇಯಿಸಿದ ಕಡಲೆ, ಚಹಾ ಕೊಡುತ್ತಾರೆ. ಆ ರಾತ್ರಿಯೂ ಮರುದಿನವೂ ಸಾಯ್ಬಿಣ್ ಆ ಮನೆಯವಳು. ಅವಳು ಬರುತ್ತಾಳೆಂದು ಜನ ಗೋಡೆಗೆ ಸುಣ್ಣ ಹೊಡೆಸುತ್ತಾರೆ, ಮಾತು ಬಿಟ್ಟ ಅಣ್ಣತಮ್ಮಂದಿರು ಆ ಒಂದು ದಿನಕ್ಕಾದರೂ ಮಾತಾಡುತ್ತಾರೆ. ನಮ್ಮ ವಾಡೆಯಲ್ಲಿ ಮೂವತ್ತೊಂದು ಮನೆ, ಅಕ್ಟೋಬರ್‌ಗೆ ಮೂವತ್ತೊಂದು ದಿನ. ಯಾವ ಮನೆ ಯಾವ ದಿನ ಎಂಬ ಪಟ್ಟಿ ಬರೆಯುವುದು ಗುರ್ಕಾರ್ನಿಯ ಕೆಲಸ.

ಆ ಪಟ್ಟಿಯಿಂದ ನಾನು ಒಂದು ಮನೆಯನ್ನು ಬಿಟ್ಟೆ. ಒಂದು ವರ್ಷವಲ್ಲ, ಏಳೆಂಟು ವರ್ಷ ಬಿಟ್ಟೆ. ಅದನ್ನೇ ಹೇಳಲಿಕ್ಕೆ ಕೂತಿದ್ದೇನೆ.

ಆ ಮನೆ ನಮ್ಮ ಓಣಿಯ ತಿರುವಿನಲ್ಲಿ, ನನ್ನ ಮನೆಯಿಂದ ಐದನೆಯದು. ಅಲ್ಲಿ ಗಂಡ ಹೆಂಡತಿ ಇಬ್ಬರು ವಯಸ್ಸಾದವರಿದ್ದರು. ಹೆಂಗಸು ನನಗಿಂತ ಹತ್ತು ವರ್ಷ ದೊಡ್ಡವಳು, ಗುರುವಾರ ತಪ್ಪದೆ ಬಸ್ಸು ಹತ್ತಿ ಬಿಕರ್ನಕಟ್ಟೆಗೆ ಹೋಗಿ ಬಾಲಯೇಸುವಿಗೆ ಮೊಂಬತ್ತಿ ಹಚ್ಚಿ ಬರುವವಳು. ಅವರಿಗೊಬ್ಬಳೇ ಮಗಳು. ಆ ಮಗಳು ಇಗರ್ಜಿಯ ಧರ್ಮೋಪದೇಶದ ಕ್ಲಾಸಿನಲ್ಲಿ ನನ್ನ ಶಿಷ್ಯೆ. ಎಷ್ಟೋ ಮಕ್ಕಳಿಗೆ ಕಲಿಸಿದೆ, ಆದರೆ ಇವಳ ಹಾಗೆ ಪ್ರಶ್ನೆ ಕೇಳಿದವರು ಇನ್ನೊಬ್ಬರಿಲ್ಲ. ಮಠ ಸೇರಿ ಸಿಸ್ಟರ್ ಆಗುತ್ತಾಳೋ ಏನೋ ಎಂದು ನಾನು ಒಳಗೊಳಗೆ ಆಸೆಪಟ್ಟಿದ್ದೆ, ಒಂದೆರಡು ಜನರ ಹತ್ತಿರ ಹೇಳಿಯೂ ಬಿಟ್ಟಿದ್ದೆ.

ಅವಳು ನರ್ಸಿಂಗ್ ಮುಗಿಸಿ ಕಾಟಿಪಳ್ಳದ ಒಬ್ಬ ತುಳು ಮಾತಾಡುವ ಹಿಂದೂ ಹುಡುಗನನ್ನು ರಿಜಿಸ್ಟರ್ ಮದುವೆಯಾದಳು. ನನಗೆ ಹೇಳಲಿಲ್ಲ. ಮೀನಿನ ಬುಟ್ಟಿ ಹೊತ್ತ ಹೆಂಗಸಿನ ಬಾಯಿಂದ ನನಗೆ ಸುದ್ದಿ ಗೊತ್ತಾಯಿತು. ಇವತ್ತು ಸತ್ಯ ಹೇಳುತ್ತೇನೆ, ಅವಳು ಇಗರ್ಜಿಯ ಹೊರಗೆ ಮದುವೆಯಾದಳು ಎಂಬುದಕ್ಕಿಂತ ನನಗೆ ಹೇಳದೆ ಆದಳು ಎಂಬುದೇ ನನ್ನನ್ನು ಸುಟ್ಟಿತು. ಇಷ್ಟು ವರ್ಷ ಕಲಿಸಿದ ಟೀಚರ್ ಇವಳಿಗೆ ಯಾರೂ ಅಲ್ಲ ಎಂದಾಯಿತಲ್ಲ ಎಂದು ಉರಿದೆ. ಆದರೆ ಬಾಯಲ್ಲಿ ಹೇಳುತ್ತಿದ್ದುದು ಮಾತ್ರ ಬೇರೆ, "ಪಾಪ, ಆ ಹುಡುಗಿಯ ಆತ್ಮದ ಗತಿ ಎಂತ" ಎಂದು.

ಕೆಲವು ವರ್ಷ ಅವರು ಕುದ್ರೋಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದರು. ಅಳಿಯನಿಗೆ ಅಲ್ಲಿ ಎಲೆಕ್ಟ್ರಿಕ್ ಸಾಮಾನಿನ ಸಣ್ಣ ಅಂಗಡಿ. ಹುಡುಗಿಯ ತಂದೆ ತೀರಿಕೊಂಡ ಮೇಲೆ ತಾಯಿ ಒಬ್ಬಳೇ ಆದಳು, ಮಂಡಿನೋವು ಬೇರೆ. ಮಗಳು ಅಳಿಯ ಇಬ್ಬರೂ ಬಂದು ಅವಳ ಜೊತೆಗೇ ನಿಂತರು. ಊರಿನವರೆಲ್ಲ ಅಳಿಯನನ್ನು ಮೆಚ್ಚಿದರು. ನಾನು ಮೂಗು ಮುರಿದೆ.

ಆ ವರ್ಷದ ಸೆಪ್ಟೆಂಬರ್ ಕೊನೆಗೆ ಪಟ್ಟಿ ಬರೆಯಲು ಕೂತಾಗ ಆ ಮನೆಯ ಹೆಸರಿನ ಹತ್ತಿರ ನನ್ನ ಪೆನ್ನು ನಿಂತಿತು. ಕೇಳಿಯೇ ಬಿಡೋಣ ಎಂದು ಭಾನುವಾರ ಪೂಜೆ ಮುಗಿದ ಕೂಡಲೆ ಫಾದರ್ ಹತ್ತಿರ ಹೋದೆ. ಆಗ ಇದ್ದವರು ವಯಸ್ಸಾದ ಫಾದರ್, ಮಾತು ಕಡಿಮೆ. ಪೂಜೆಯ ಬಟ್ಟೆ ಬಿಚ್ಚಿ ಮಡಿಸುತ್ತಿದ್ದರು, ಹೊರಗೆ ಒಂದು ಮದುವೆಯ ಜನ ಕಾಯುತ್ತಿದ್ದರು. ನಾನು ಆ ಮನೆಯ ಹೆಸರು ಹೇಳಿ, "ಅಲ್ಲಿಗೆ ಸಾಯ್ಬಿಣ್ ಹೋಗುದಾ ಫಾದರ್?" ಎಂದು ಕೇಳಿದೆ.

"ಈ ಸಲ ಆ ಮನೆ ಬಿಡಿ ಟೀಚರ್" ಎಂದರು.

ನಾನು ಯಾಕೆ ಎಂದು ಕೇಳಲಿಲ್ಲ. ಕೇಳುವ ಅಭ್ಯಾಸ ನನಗಿಲ್ಲ ಎಂದು ಇಷ್ಟು ದಿನ ಹೇಳಿಕೊಳ್ಳುತ್ತಿದ್ದೆ. ನಿಜ ಏನೆಂದರೆ, ಕಾರಣ ನನ್ನ ಮನಸ್ಸಿನಲ್ಲಿ ಮೊದಲೇ ತಯಾರಿತ್ತು. ಕೋಲೆ ಬಸವನ ಹಾಗೆ ತಲೆಯಾಡಿಸಿ ಮನೆಗೆ ಬಂದು ಆ ಹೆಸರನ್ನು ಹೊಡೆದು ಹಾಕಿದೆ. ಹಾಗೆ ಮಾಡಿದಾಗ ಒಂದು ದಿನ ಉಳಿಯಿತು. ಅದನ್ನು ನನ್ನ ಮನೆಗೇ ಹಾಕಿಕೊಂಡೆ. ಸಾಯ್ಬಿಣ್ ಎರಡು ದಿನ ನಮ್ಮಲ್ಲಿ ನಿಂತಳು, ನಾನು ಎರಡು ದಿನವೂ ಹೂ ಬದಲಿಸಿದೆ, ಬಂದವರಿಗೆಲ್ಲ ಅದನ್ನು ಹೇಳಿಕೊಂಡೆ.

ಮುಂದಿನ ಬೇಸಿಗೆಯಲ್ಲಿ ಆ ಫಾದರ್‌ಗೆ ವರ್ಗವಾಯಿತು, ಹೊಸಬರು ಬಂದರು. ಅಕ್ಟೋಬರ್ ಹತ್ತಿರ ಬರುವಾಗ ಒಂದು ಬೆಳಿಗ್ಗೆ ಆ ಮುದುಕಿ ಕೋಲು ಊರಿಕೊಂಡು ನನ್ನ ಗೇಟಿನ ಹತ್ತಿರ ಬಂದಳು. ಕೂತುಕೊಳ್ಳಿ ಬಾಯಿ ಎಂದರೂ ಕೂರಲಿಲ್ಲ; ನಮ್ಮಲ್ಲಿ ಹೆಂಗಸರು ಒಬ್ಬರನ್ನೊಬ್ಬರು ಮರ್ಯಾದೆಗೆ ಬಾಯಿ ಎಂದು ಕರೆಯುತ್ತೇವೆ.

"ಬಾಯಿ, ಹೋದ ವರ್ಷ ಅಳಿಯನ ತಂದೆ ತೀರಿ ಹೋಗಿದ್ರಲ್ಲ, ಸೂತಕದ ಮನೆ, ಅದಕ್ಕೆ ಬಿಟ್ಟದ್ದು ಸರಿ. ಈ ವರ್ಷ ನಮ್ಮಲ್ಲಿ ಯಾವ ದಿನ? ಮೊದಲೇ ಗೊತ್ತಾದ್ರೆ ಒಳ್ಳೇದಿತ್ತು."

ಎಷ್ಟೋ ಸಲ ಈ ಮಾತನ್ನು ಮನಸ್ಸಿನಲ್ಲಿ ಹೇಳಿಕೊಂಡು ನೋಡಿದ್ದೇನೆ. ಅವಳು ನಿಜವನ್ನು ಬಿಡಿಸಿ ನನ್ನ ಕೈಗೆ ಕೊಟ್ಟಿದ್ದಳು. ನಾನು ಅದನ್ನು ಮಕ್ಕಳ ತಪ್ಪು ಉತ್ತರ ತಿದ್ದುವ ಹಾಗೆ ತಿದ್ದಿದೆ. ಮರ್ಯಾದೆ ಉಳಿಸಿಕೊಳ್ಳಲು ಸೂತಕದ ನೆಪ ಹೇಳುತ್ತಿದ್ದಾಳೆ ಎಂದುಕೊಂಡೆ.

"ಸೂತಕದ ವಿಷಯ ಅಲ್ಲ ಬಾಯಿ" ಎಂದೆ. "ನಿಮ್ಮ ಮಗಳ ಮದುವೆ ಇಗರ್ಜಿಯಲ್ಲಿ ಆಗ್ಲಿಲ್ಲ ಅಲ್ವಾ. ಹಾಗಿರುವ ಮನೆಗೆ ಸಾಯ್ಬಿಣ್ ತರ್ಲಿಕ್ಕೆ ಆಗುದಿಲ್ಲ. ನಾನು ಹೇಳಿದ್ದಲ್ಲ, ಫಾದರ್ ಹೇಳಿದ್ದು."

ಮುದುಕಿ ಕೋಲನ್ನು ಇನ್ನೊಂದು ಕೈಗೆ ಬದಲಿಸಿದಳು.

"ಮನೆ ನನ್ನದಲ್ವಾ?" ಎಂದಳು ಮೆಲ್ಲಗೆ. "ನನ್ನ ಹೆಸರಲ್ಲೇ ಉಂಟು."

"ಇರುವುದು ಯಾರೆಲ್ಲ ಅಂತ ನೋಡ್ಬೇಕಲ್ಲ."

"ಆಯ್ತು ಬಾಯಿ. ಫಾದರ್ ಹೇಳಿದ್ದಾದ್ರೆ ಮತ್ತೆ ಎಂತ ಉಂಟು. ಕೇಳ್ಬೇಕು" ಎಂದು ತಿರುಗಿ ಹೋದಳು.

ಅವಳೂ ಮಾತು ಕೇಳುವವಳೇ. ಆದರೆ ಅವಳು ಕೇಳಿದ್ದಕ್ಕೂ ನಾನು ಕೇಳಿದ್ದಕ್ಕೂ ಎಷ್ಟು ಅಂತರ ಎಂದು ಈಗ ಯೋಚಿಸುತ್ತೇನೆ. ಅವಳು ಕೇಳಿದಾಗ ಅವಳ ಹೊಟ್ಟೆ ಉರಿದಿತ್ತು. ನಾನು ಕೇಳಿದಾಗ ನನ್ನ ಹೊಟ್ಟೆ ತಣ್ಣಗಾಗಿತ್ತು. ನನಗೆ ಬೇಕಾದ್ದನ್ನೇ ಫಾದರ್ ಹೇಳಿದ್ದರು, ನಾನು ಪಾಲಿಸಿದೆ. ಇದಕ್ಕೆ ವಿಧೇಯತೆ ಎಂದು ಹೆಸರಿಟ್ಟುಕೊಂಡು ಪಾಪನಿವೇದನೆಯಲ್ಲಿ ಒಮ್ಮೆಯೂ ಈ ವಿಷಯ ಎತ್ತಲಿಲ್ಲ.

ಹೊಸ ಫಾದರ್‌ಗೆ ನಾನು ಏನೂ ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಪ್ರತಿ ವರ್ಷ ಹಳೆಯ ಪಟ್ಟಿ ಮುಂದಿಟ್ಟುಕೊಂಡು ಹೊಸ ಕಾಗದಕ್ಕೆ ಇಳಿಸುವುದು, ದಿನಾಂಕ ಬದಲಿಸುವುದು, ಅಷ್ಟೆ. ಒಂದು ಸಲ ಬಿಟ್ಟುಹೋದ ಮನೆ ಹಾಗೆಯೇ ಬಿಟ್ಟುಹೋಯಿತು. ಮೆರವಣಿಗೆ ಆ ತಿರುವಿನಲ್ಲಿ ಹೋಗಲೇಬೇಕು, ಬೇರೆ ದಾರಿಯಿಲ್ಲ. ನಾವು ಹಾಡುತ್ತ ಬರುವಾಗ ಮುದುಕಿ ಗೇಟಿನ ಒಳಗೆ ಮೊಂಬತ್ತಿ ಹಿಡಿದು ನಿಂತಿರುತ್ತಿದ್ದಳು. ಸಾಯ್ಬಿಣ್ ಎದುರು ಬಂದಾಗ ಶಿಲುಬೆಯ ಗುರುತು ಮಾಡುವಳು. ಮಂಡಿ ಬಗ್ಗುತ್ತಿರಲಿಲ್ಲ, ಆದರೂ ಬಗ್ಗಿಸಲು ನೋಡುವಳು. ಪ್ರತಿಮೆ ಹೊತ್ತವರು ಅಲ್ಲಿ ಕಾಲು ನಿಧಾನ ಮಾಡಿದರೆ ನಾನು ಹಿಂದಿನಿಂದ, "ಮುಂದೆ, ಮುಂದೆ, ಅಲ್ಲಿ ಕಾಯ್ತಿದ್ದಾರೆ" ಎನ್ನುತ್ತಿದ್ದೆ.

ಅಳಿಯ ಒಮ್ಮೆ ನನ್ನ ಹತ್ತಿರ ಈ ಮಾತು ತೆಗೆದಿದ್ದ. ನಾನು ಟ್ಯೂಬ್‌ಲೈಟ್ ತರಲೆಂದು ಪೇಟೆಗೆ ಹೋದವಳು ಬಿಸಿಲು ತಾಳದೆ ಅವನ ಅಂಗಡಿಗೇ ಹೊಕ್ಕಿದ್ದೆ. ಅವನು ಸ್ಟೂಲು ಹಾಕಿ ಕೂರಿಸಿ, ನೀರು ಕೊಟ್ಟು, ಬಹಳ ಸಂಕೋಚದಿಂದ ಕೇಳಿದ.

"ಟೀಚರ್, ಬೇಸರ ಮಾಡ್ಬೇಡಿ. ಅತ್ತೆ ಅಕ್ಟೋಬರ್ ಬಂದ್ರೆ ಊಟ ಬಿಡ್ತಾರೆ. ನಾನು ಫಾದರ್ ಹತ್ರ ಒಂದು ಮಾತು ಕೇಳ್ಬಹುದಾ? ಬೇಕಾದ್ರೆ ಆ ದಿನ ನಾನು ಕಾಟಿಪಳ್ಳಕ್ಕೆ ಹೋಗಿ ಇರ್ತೇನೆ."

"ನಿಮಗೆ ಅದೆಲ್ಲ ಅರ್ಥ ಆಗುದಿಲ್ಲ ಮಾರಾಯ್ರೆ. ಇಗರ್ಜಿಯ ವಿಷಯ ಇಗರ್ಜಿಗೆ ಬಿಡಿ" ಎಂದು ನಾನು ಎದ್ದೆ. ಅವನು ಟ್ಯೂಬ್‌ಲೈಟನ್ನು ಒಡೆಯದ ಹಾಗೆ ರಟ್ಟಿನಲ್ಲಿ ಸುತ್ತಿ ಆಟೋದವರೆಗೆ ತಂದು ಕೊಟ್ಟ. ತನ್ನ ಹೆಂಡತಿಯ ಮನೆಗೆ ಮರಿಯಮ್ಮ ಬರಲಿ ಎಂದು ತಾನು ಮನೆ ಬಿಟ್ಟುಹೋಗಲು ತಯಾರಾದ ಮನುಷ್ಯ. ಅಷ್ಟೂ ವರ್ಷ ಇಗರ್ಜಿಗೆ ಮಣ್ಣು ಹೊತ್ತ ನನಗೆ ಅಂಥದೊಂದು ಯೋಚನೆ ಯಾರ ವಿಷಯದಲ್ಲೂ ಬಂದಿರಲಿಲ್ಲ.

ಕೊನೆಯ ಎರಡು ವರ್ಷ ಮುದುಕಿ ಹಾಸಿಗೆ ಹಿಡಿದಳು. ಪ್ರತಿ ತಿಂಗಳ ಮೊದಲ ಶುಕ್ರವಾರ ಫಾದರ್ ಪರಮಪ್ರಸಾದ, ನಮಗೆ ಅದು ಸಾಕ್ಷಾತ್ ಯೇಸುವೇ, ತೆಗೆದುಕೊಂಡು ಅದೇ ಮನೆಗೆ ಹೋಗುತ್ತಿದ್ದರು, ನಾನೇ ಎಷ್ಟೋ ಸಲ ಜೊತೆಗೆ ಹೋಗಿ ಬಾಗಿಲು ತಟ್ಟಿದ್ದೇನೆ. ಮಗ ಹೋಗುವ ಮನೆಗೆ ತಾಯಿ ಯಾಕೆ ಹೋಗಬಾರದು ಎಂದು ನನ್ನ ತಲೆಗೆ ಹೊಳೆಯಲಿಲ್ಲ. ಮುದುಕಿಯೂ ಕೇಳಲಿಲ್ಲ. ಗುರ್ಕಾರ್ನ್ ಹೇಳಿದರೆ ಫಾದರ್ ಹೇಳಿದ ಹಾಗೆ ಎಂದು ನಂಬಿದ ಕಾಲದವಳು ಅವಳು.

ಈ ವರ್ಷ ಆಗಸ್ಟ್‌ನಲ್ಲಿ ಅವಳು ತೀರಿಕೊಂಡಳು. ಮರಣದ ಪ್ರಾರ್ಥನೆಯನ್ನು ನಾನೇ ಮುಂದೆ ನಿಂತು ಹೇಳಿಸಿದೆ, ಚೆನ್ನಾಗಿ ಹೇಳಿಸಿದೆ ಎಂದು ನಾಲ್ಕು ಜನ ಹೇಳಿದರು.

ಸೆಪ್ಟೆಂಬರ್‌ನಲ್ಲಿ ಗುರ್ಕಾರರ ಮೀಟಿಂಗ್ ಆಯಿತು. ಈ ಬೇಸಿಗೆಯಲ್ಲಿ ವರ್ಗವಾಗಿ ಬಂದ ಇನ್ನೊಬ್ಬ ಹೊಸ ಫಾದರ್ ಚಿಕ್ಕ ಪ್ರಾಯದವರು, ಎಲ್ಲವನ್ನೂ ಓದುವ ಸ್ವಭಾವ. ನನ್ನ ಪಟ್ಟಿ ನೋಡಿ, "ಟೀಚರ್, ನಿಮ್ಮ ವಾಡೆಯಲ್ಲಿ ಮನೆ ಮೂವತ್ತೊಂದು. ಇಲ್ಲಿ ಮೂವತ್ತೇ ಹೆಸರು ಉಂಟಲ್ಲ, ನಿಮ್ಮದು ಎರಡು ಸಲ ಬರೆದಿದ್ದೀರಿ" ಎಂದರು.

ನಾನು ವಿಷಯ ಹೇಳಿದೆ. ಹೇಳುವಾಗ ಸ್ವಲ್ಪ ಹೆಮ್ಮೆಯೂ ಇತ್ತು.

"ಹಾಗೊಂದು ನಿಯಮ ನನಗೆ ಗೊತ್ತಿಲ್ಲ" ಎಂದರು ಅವರು. "ಹಿಂದೂಗಳು ಕರೆದ್ರೂ ಹೋಗಿ ಪ್ರಾರ್ಥನೆ ಮಾಡ್ತೇವೆ. ಇದು ನಮ್ಮದೇ ಹೆಂಗಸಿನ ಮನೆ. ಯಾರು ಹೇಳಿದ್ದು ನಿಮಗೆ?"

ಉಳಿದ ಗುರ್ಕಾರರ ಎದುರು ನನ್ನ ಮುಖ ಬಿಸಿಯಾಯಿತು. ಮರುದಿನವೇ, ಇವರಿಗೆ ಸಾಬೀತು ಮಾಡಿ ತೋರಿಸಬೇಕೆಂಬ ಹಟದಲ್ಲಿ, ನಾಲ್ಕು ಬನ್ಸ್ ಕಟ್ಟಿಸಿಕೊಂಡು ಆ ಹಳೆಯ ಫಾದರ್ ಇರುವ ವಿಶ್ರಾಂತಿ ಮನೆಗೆ ಹೋದೆ. ಅವರಿಗೆ ಈಗ ಕಣ್ಣು ಮಂಜು, ನೆನಪು ಮಾತ್ರ ಸರಿಯಾಗಿದೆ. ಮನೆಯ ಗುರುತು ಹೇಳಿದ ಕೂಡಲೆ ನೆನಪಾಯಿತು.

"ಆ ಅಳಿಯ ಬಂದಿದ್ದ ನನ್ನ ಹತ್ರ" ಎಂದರು. "ಅವನ ತಂದೆ ಹೋಗಿದ್ರು ಆಗ. ಫಾದರ್, ನನಗೆ ಸೂತಕ ಉಂಟು, ಅಂಥ ಮನೆಗೆ ತಾಯಿಯನ್ನು ತರುದು ಬೇಡ, ಬರುವ ವರ್ಷ ಒಳ್ಳೆ ಮಾಡಿ ಕರೆಯುವಾ ಅಂದ. ನಮ್ಮಲ್ಲಿ ಹಾಗೇನೂ ಇಲ್ಲ ಮಾರಾಯಾ ಅಂದೆ. ಆದ್ರೂ ಅವನ ಮರ್ಯಾದೆ ನೋಡಿ ನನಗೆ ಸಂತೋಷ ಆಯ್ತು. ಅದಕ್ಕೆ ನಿಮ್ಮ ಹತ್ರ ಈ ಸಲ ಬಿಡಿ ಅಂದದ್ದು." ಬನ್ಸ್ ಮುರಿದು ಬಾಯಿಗೆ ಹಾಕಿಕೊಂಡು ಕೇಳಿದರು, "ಮತ್ತೆ ಮರುವರ್ಷ ಹೇಗೆ ಆಯ್ತು? ಚೆನ್ನಾಗಿ ಆಯ್ತಾ?"

ನಾನು ಚೆನ್ನಾಗಿ ಆಯ್ತು ಫಾದರ್ ಎಂದೆ. ಫಾದರ್ ಒಬ್ಬರ ಎದುರು ನಾನು ಹೇಳಿದ ಮೊದಲ ಸುಳ್ಳು ಅದು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇದೆಯಲ್ಲ. ಇಲ್ಲಿ ಪೂಜಾರಿಯೂ ಕೊಟ್ಟಿದ್ದರು, ಗಂಟೆ ಬಾರಿಸುವವಳು ಕೊಡಲಿಲ್ಲ. ಬಸ್ಸಿನಲ್ಲಿ ಕೂತು ಮನೆಗೆ ಬರುವಾಗ ಲೆಕ್ಕ ಹಾಕಿದೆ. ಸಾಯ್ಬಿಣ್ ನನ್ನ ಮನೆಯಲ್ಲಿ ಹೆಚ್ಚಿಗೆ ನಿಂತ ಒಂದೊಂದು ದಿನವೂ ಆ ಮುದುಕಿಯದ್ದು. ಕದ್ದದ್ದು ಎಂದು ಹೇಳಬೇಕು, ಬೇರೆ ಮಾತು ಇಲ್ಲ.

ಮಗಳ ಹತ್ತಿರ ಹೋಗಿ ಹೇಳಲು ನನಗೆ ಎಂಟು ದಿನ ಬೇಕಾಯಿತು. ಎರಡು ಸಲ ಗೇಟಿನವರೆಗೆ ಹೋಗಿ, ನಾಯಿ ಬೊಗಳಿತೆಂದು ನೆಪ ಮಾಡಿ ಹಿಂದೆ ಬಂದೆ. ಮೂರನೆಯ ಸಲ ಅವಳೇ ಕಂಡು, "ಬನ್ನಿ ಟೀಚರ್, ಹೊರಗೆ ಯಾಕೆ ನಿಂತದ್ದು" ಎಂದು ಕರೆದಳು. ಡ್ಯೂಟಿ ಮುಗಿಸಿ ಆಗ ತಾನೆ ಬಂದಿದ್ದಳು, ಆಸ್ಪತ್ರೆಯ ಬಟ್ಟೆ ಇನ್ನೂ ಬದಲಿಸಿರಲಿಲ್ಲ. ಒಳಗೆ ಹೋಗಿ ಕೂತೆ. ತಾಯಿಯ ಮಂಚ ಹಾಗೆಯೇ ಇತ್ತು, ಹಾಸಿಗೆ ಮಾತ್ರ ಸುತ್ತಿ ಇಟ್ಟಿದ್ದರು.

ನಾನು ಸುತ್ತಿ ಬಳಸಿ ಹೇಳಲಿಲ್ಲ. ಫಾದರ್ ಹೇಳಿದ್ದು ಒಂದು ವರ್ಷದ ಮಾತು, ಅದೂ ಸೂತಕದ ಕಾರಣಕ್ಕೆ. ಉಳಿದದ್ದೆಲ್ಲ ನಾನು ಮಾಡಿದ್ದು. ನಿಯಮ ಯಾವುದೂ ಇರಲಿಲ್ಲ. ನೀನು ನನಗೆ ಹೇಳದೆ ಮದುವೆಯಾದೆ ಎಂಬ ಸಿಟ್ಟು ನನಗಿತ್ತು, ಅದನ್ನು ಇಗರ್ಜಿಯ ಹೆಸರಲ್ಲಿ ತೀರಿಸಿಕೊಂಡೆ. ಈ ವರ್ಷ ಮೊದಲನೆಯ ದಿನವೇ ಸಾಯ್ಬಿಣ್ ನಿಮ್ಮ ಮನೆಗೆ ಎಂದು ಕೊನೆಗೆ ಸೇರಿಸಿದೆ.

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ತನ್ನಿ ಟೀಚರ್" ಎಂದಳು. "ನಮ್ಮ ಮನೆಯವರಿಗೆ ಸಂತೋಷ ಆಗ್ತದೆ." ತಾಯಿಯ ಮಂಚದ ಅಂಚಿನಲ್ಲಿ ಕೂತಳು. ಆಮೇಲೂ ಜೋರು ಮಾಡಲಿಲ್ಲ, ರೋಗಿಯ ಹತ್ತಿರ ಮಾತಾಡುವ ಹಾಗೆ ಮಾತಾಡಿದಳು.

"ಮಮ್ಮಿ ನಿಮ್ಮನ್ನು ಯಾವತ್ತೂ ದೂರ್ಲಿಲ್ಲ. ಇಗರ್ಜಿಯನ್ನೂ ದೂರ್ಲಿಲ್ಲ. ನಿನ್ನಿಂದಾಗಿ ಸಾಯ್ಬಿಣ್ ನನ್ನ ಮನೆಗೆ ಬರುದಿಲ್ಲ ಅಂತ ನನಗೆ ಹೇಳ್ತಿದ್ರು. ಅಕ್ಟೋಬರ್ ಇಡೀ ನನ್ನ ಕೈಯ ಅನ್ನ ಉಣ್ತಿರ್ಲಿಲ್ಲ, ಇವರು ಬಡಿಸಿದ್ರೆ ಮಾತ್ರ ಸ್ವಲ್ಪ ಉಣ್ತಿದ್ರು. ಕೊರೊನಾ ಬಂದ ವರ್ಷ ಸಾಯ್ಬಿಣ್ ಯಾರ ಮನೆಗೂ ಹೋಗ್ಲಿಲ್ಲ ನೋಡಿ, ಆ ವರ್ಷ ಒಂದು ಖುಷಿಯಲ್ಲಿದ್ರು. ಈಗ ನಾವೂ ಎಲ್ಲರ ಹಾಗೆ ಆದೆವು ಅಂದ್ರು."

"ಮಗಾ" ಎಂದೆ ನಾನು.

"ಹೋಗುವ ಹಿಂದಿನ ದಿನ ನನ್ನನ್ನು ಹತ್ರ ಕರೆದ್ರು. ಕೈ ಹಿಡಿದು, ನಿನ್ನಿಂದ ನನಗೆ ಸಾಯ್ಬಿಣ್ ಸಿಗ್ಲಿಲ್ಲ, ಇರ್ಲಿ, ನಾನು ನಿನ್ನನ್ನು ಕ್ಷಮಿಸಿದ್ದೇನೆ ಅಂದ್ರು. ನಾನು ಆಯ್ತು ಮಮ್ಮಿ ಅಂದೆ. ಮತ್ತೆಂತ ಹೇಳುದು, ನನ್ನದೇ ತಪ್ಪು ಅಂತ ನಾನೂ ನಂಬಿದ್ದೆ ಅಲ್ವಾ. ಈಗ ನೀವು ಬಂದು ಹೀಗೆ ಹೇಳ್ತೀರಿ." ಅವಳು ನನ್ನ ಮುಖವನ್ನೇ ನೋಡಿದಳು. "ನಾನು ಎಂತ ಮಾಡಿದ್ದೆ ಟೀಚರ್?"

ಕ್ಷಮಿಸು ಎಂದು ಅವಳನ್ನು ಕೇಳಬೇಕೆಂದು ಹೋಗಿದ್ದೆ, ಆ ಮಾತು ಬಾಯಿಗೆ ಬರಲಿಲ್ಲ. ಆ ಪಾಪಕ್ಕಿದ್ದ ಕ್ಷಮೆಯನ್ನು ಆ ಮುದುಕಿ ಕೊಟ್ಟೇ ಹೋಗಿದ್ದಳು, ಮಾಡಿದವಳಿಗಲ್ಲ, ಮಗಳಿಗೆ. ಮಗಳು ಅದನ್ನು ತಲೆ ತಗ್ಗಿಸಿ ತೆಗೆದುಕೊಂಡಿದ್ದಳು.